ಮನೆಯವರನ್ನ ಕಚ್ಚಬಾರದು

ಆಸ್ಪತ್ರೆ ಬೆಂಚಿನಲ್ಲಿ ನನ್ನ ಪಕ್ಕ, ನಾಯಿ ಪಳಗಿಸುವ ಹಿರಿಯರೊಬ್ಬರು ತಂಗಿಯ ಜೊತೆ ಕೂತಿದ್ದರು.

"ಕ್ಯಾನ್ಸರಿಗೆ ಅದೇನೋ ಹೊಸ ಔಷಧಿಯಂತಲ್ಲ ಅಣ್ಣಾ?"

"ಔಷಧಿ ಅಲ್ಲ ಕಣೇ. ನನ್ನ ರಕ್ತದ ಕಣಗಳನ್ನೇ ಹೊರಗೆ ತೆಗೆದು, ರೋಗದ ಗುರುತು ಹಿಡಿಯೋದು ಕಲಿಸಿ, ವಾಪಸ್ ಒಳಗೆ ಬಿಡ್ತಾರಂತೆ."

"ನೀನು ನಾಯಿಗಳಿಗೆ ವಾಸನೆ ಕಲಿಸ್ತೀಯಲ್ಲ, ಹಾಗೇನಾ?"

"ಹೂಂ, ಹಾಗೇ. ಅದಕ್ಕೇ ಡಾಕ್ಟರಮ್ಮನ್ನ ಕೇಳಿದೆ, ಈ ಕಣಗಳು ಮನೆಯವರನ್ನೇ, ಅಂದ್ರೆ ನನ್ನ ಮೈಯನ್ನೇ ಕಚ್ಚಿದ್ರೆ ಏನ್ಮಾಡ್ತೀರಿ ಅಂತ."

"ಏನಂದ್ರು?"

"ಒಂದೊಂದ್ಸಲ ಕಚ್ಚುತ್ತವೆ, ಅದಕ್ಕೇ ಪಕ್ಕದಲ್ಲೇ ಕಾವಲಿರ್ತೀವಿ ಅಂದ್ರು."

"ಅಯ್ಯೋ! ಭಯ ಆಗಲಿಲ್ವಾ?"

"ಕಚ್ಚೋದೇ ಇಲ್ಲ ಅಂದಿದ್ರೆ ಅಲ್ಲಿಂದ ಎದ್ದು ಬಂದ್ಬಿಡ್ತಿದ್ದೆ."

ನರ್ಸ್ ಕರೆದರು. ಅಂಗಿಯ ತೋಳು ಮಡಚುತ್ತಾ ಆ ಹಿರಿಯರು ಒಳಗೆ ನಡೆದರು. ಮೊಣಕೈವರೆಗೂ ನಾಯಿಹಲ್ಲಿನ ಹಳೇ ಗುರುತುಗಳಿದ್ದವು.