ಬಂಡೆಯಡಿ ಚೀಸ್ ಮಗುಚಿದವರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ಪಕ್ಕದ ಮನೆ ಎರ್ಸಿಲಿಯಾಗೆ ಆದದ್ದು. ದೀಪ ಸ್ವಲ್ಪ ಸಣ್ಣ ಮಾಡಿ... ಹ್ಞಾಂ, ಸಾಕು.

ಅವತ್ತು ಅವಳು ಮೇಲಿನ ಕೇರಿಗೆ ಚೆಸ್ಟ್‌ನಟ್ ಸುಲಿಯಲು ಹೋಗಿದ್ದಳು. ಹರಟೆ ಬೆಳೆದು, ವಾಪಸು ಹೊರಟಾಗ ಕತ್ತಲೆ ಗವ್ವೆನ್ನುತ್ತಿತ್ತು. ದಾರಿ ಅವರ ಮನೆಯವರು ಚೀಸ್ ಇಡುವ ಬಂಡೆಯ ಪಕ್ಕದಲ್ಲೇ. ನಮ್ಮ ಬಾವೋನಾ ಕಣಿವೆಗೆ ದೇವರು ಮಣ್ಣು ಕೊಡುವಾಗ ಜಿಪುಣನಾದ, ಬಂಡೆ ಕೊಡುವಾಗ ಧಾರಾಳಿಯಾದ. ಮನೆಯಷ್ಟು ದೊಡ್ಡ ಬಂಡೆಗಳ ಅಡಿಯಲ್ಲಿ ಗೋಡೆ ಕಟ್ಟಿ, ಬಾಗಿಲಿಟ್ಟು, ಒಂದರಲ್ಲಿ ಆಡು, ಇನ್ನೊಂದರಲ್ಲಿ ಚೀಸ್ ಇಟ್ಟುಕೊಂಡೇ ನಾವು ಬದುಕಿದ್ದು. ಎರ್ಸಿಲಿಯಾಳ ಗಂಡ ಫೆದೆಲೆ ಆ ಬೇಸಿಗೆಯಲ್ಲಿ ಹುಲ್ಲು ಕೊಯ್ಯುವಾಗ ಕಡಿದಾದ ಜಾಗದಿಂದ ಜಾರಿ ಸತ್ತಿದ್ದ. ಅವನ ಬಂಡೆಯನ್ನು ಈಗ ಅವಳೂ ಮೈದುನ ಪ್ಲಿನಿಯೋನೂ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು.

ಚೀಸಿನ ಬಿಲ್ಲೆಯನ್ನು ಸುಮ್ಮನೆ ಇಟ್ಟರಾಗದು. ಮಗುಚಿ ಹಾಕಬೇಕು, ಉಪ್ಪುನೀರಿನ ಬಟ್ಟೆಯಲ್ಲಿ ಉಜ್ಜಬೇಕು. ಯಾರ ಕೈ ಮಗುಚಿತೋ ಅವರಿಗೇ ಪಾಲು, ಅದೇ ನಮ್ಮ ಕಟ್ಟಳೆ. ಸಂತ ಮಾರ್ಟಿನನ ಹಬ್ಬಕ್ಕೆ ಹಿರಿಯರು ಪಾಲು ಹಂಚಲು ಕೂತು ಅದನ್ನೇ ಕೇಳುತ್ತಾರೆ. ಪಾಲು ತಪ್ಪಿದರೆ ಎರ್ಸಿಲಿಯಾ ಆಡು ಮಾರಿ, ಪಟ್ಟಣದಲ್ಲಿ ಯಾರದೋ ಮನೆಯ ಪಾತ್ರೆ ತಿಕ್ಕಬೇಕಿತ್ತು.

ಆದರೆ ಕೆಲವು ದಿನಗಳಿಂದ ಅವಳ ಸರದಿಗೆ ಅವಳು ಹೋಗುವಷ್ಟರಲ್ಲಿ ಬಿಲ್ಲೆಗಳೆಲ್ಲ ಮಗುಚಿರುತ್ತಿದ್ದವು. ಉಪ್ಪುನೀರು ಆರಿರುತ್ತಿರಲಿಲ್ಲ. ಇದು ಪ್ಲಿನಿಯೋನದೇ ಕಿತಾಪತಿ ಎಂದೇ ಅವಳು ನಂಬಿದ್ದಳು. ಗಂಡನಿಗಾಗಿ ಅಳುವುದಕ್ಕೂ ಬಿಡದಂತೆ ಆ ಅನುಮಾನ ಅವಳನ್ನು ತಿನ್ನುತ್ತಿತ್ತು.

ಬಂಡೆಯ ಹತ್ತಿರ ಬಂದಳು. ಟಕ್... ಟಕ್... ಬೆರಳ ಗೆಣ್ಣಿನಿಂದ ಚೀಸ್ ತಟ್ಟಿ ಹದ ನೋಡುವ ಸದ್ದು. ಆಮೇಲೆ ಹಲಗೆ ಕಿರ್ರ್ ಅಂದಿತು.

ಸಿಕ್ಕಿಬಿದ್ದ ಮಗ, ಅಂದುಕೊಂಡಳು. ಮರದ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಗೋಡೆಗೆ ಅಂಟಿಕೊಂಡೇ ಹೋದಳು. ಮೂಲೆ ತಿರುಗಿದ್ದೇ ತಡ... ಒಂದು ಕೈ ಅವಳ ತೋಳು ಹಿಡಿಯಿತು.

"ಸಿಕ್ಕಿಬಿದ್ರಲ್ಲ ಅತ್ತಿಗೆ!" ಪ್ಲಿನಿಯೋ ಪಿಸುಗುಟ್ಟಿದ.

"ನಾನಾ? ರಾತ್ರಿ ಹೊತ್ತು ಕಳ್ಳನ ಹಾಗೆ ಬಂದು ಮಗುಚೋನು ನೀನು!"

"ನನ್ನ ಸರದೀನೂ ನೀವೇ ಮುಗಿಸಿ, ಹಿರಿಯರ ಮುಂದೆ ನನ್ನ ಸೋಮಾರಿ ಮಾಡೋಕೆ ಹೊರಟಿದ್ದೀರಿ. ಅದಕ್ಕೇ ಇಲ್ಲಿ ಕಾದು ಕೂತಿರೋದು."

"ಸುಳ್ಳ! ನಿನ್ನ ಬಾಯಿಂದ ನಿಜ ಬರೋದು ಆಕಳಿಸುವಾಗ ಮಾತ್ರ."

ಟಕ್... ಟಕ್...

ಇಬ್ಬರೂ ಬಾಗಿಲ ಕಡೆ ತಿರುಗಿದರು. ಸದ್ದು ಒಳಗಿನಿಂದ. ಬೀಗ ಹೊರಗಿನಿಂದ. ಇದ್ದದ್ದೇ ಎರಡು ಕೀಲಿ... ಒಂದು ಅವಳ ಕೊರಳಲ್ಲಿ, ಇನ್ನೊಂದು ಅವನ ಜೇಬಿನಲ್ಲಿ.

"ಅತ್ತಿಗೆ... ಅಣ್ಣ ಹೀಗೇ ಅಲ್ವಾ ತಟ್ತಾ ಇದ್ದಿದ್ದು? ತಟ್ಟಿ, ಕಿವಿ ಇಟ್ಟು..."

"ಬಾಯಿ ಮುಚ್ಚೋ. ಬಾಗಿಲು ತೆಗಿ."

ತೆಗೆದ. ಕಡ್ಡಿ ಗೀರಿದ. ಒಳಗೆ ಯಾರೂ ಇಲ್ಲ. ಬಿಲ್ಲೆಗಳಿಂದ ಉಪ್ಪುನೀರು ಇಳಿಯುತ್ತಿತ್ತು, ತೊಟ್... ತೊಟ್... ಕೊನೆಯ ಸಾಲಿನ ಅರ್ಧ ಮಾತ್ರ ಮಗುಚದೆ ಉಳಿದಿತ್ತು. ಪ್ಲಿನಿಯೋ ಅಲ್ಲೇ ಕುಸಿದು, "ಅಣ್ಣಾ" ಎಂದು ಮಗುವಿನ ಹಾಗೆ ಅತ್ತ. ಎರ್ಸಿಲಿಯಾ ಹಲಗೆಯ ಮೇಲಿದ್ದ ಬಟ್ಟೆ ಎತ್ತಿಕೊಂಡಳು. ಬಟ್ಟೆ ಬೆಚ್ಚಗಿತ್ತು. ಉಳಿದವನ್ನು ಮಗುಚಿದಳು.

ಹಬ್ಬದ ದಿನ ಹಿರಿಯರು ಕೇಳಿದರು, "ಮಗುಚಿದವರು ಯಾರಮ್ಮ?"

ಅವಳು ಮೈದುನನ ಮುಖ ನೋಡಿದಳು. ಅವನು ಹೂಂ ಎಂದು ತಲೆಯಾಡಿಸಿದ.

"ಮೂವರು" ಅಂದಳು.

ಯಾರೂ ನಗಲಿಲ್ಲ. ಮೂರು ಪಾಲಾಯಿತು. ತಮ್ಮೆರಡನ್ನು ಅವರು ಒಯ್ದರು, ಮೂರನೆಯದನ್ನು ಬಂಡೆಯೊಳಗೇ ಬಿಟ್ಟು ಬೀಗ ಹಾಕಿ, ಎರಡೂ ಕೀಲಿ ಪಾದ್ರಿಗೆ ಒಪ್ಪಿಸಿದರು. ಹಿಮ ಬೀಳುವ ಮೊದಲು ಆಡು ಹೊಡೆದುಕೊಂಡು ಎಲ್ಲರೂ ಕೆಳಗಿನ ಊರಿಗೆ ಇಳಿದೆವು. ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹಿಮ ಕರಗಿ ವಾಪಸು ಬಂದಾಗ, ಪಾದ್ರಿ ಕೊಟ್ಟ ಕೀಲಿಯಿಂದ ಬಾಗಿಲು ತೆಗೆಯುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಸುಳ್ಳು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ... ಒಂದು ಬಿಲ್ಲೆಯಲ್ಲಿ ತುಂಡೊಂದು ಖಾಲಿಯಾಗಿತ್ತು. ಇಲಿಯ ಹಲ್ಲಲ್ಲ, ಚಾಕುವಿನ ಗೀಟು. ಸಿಪ್ಪೆ ಪಕ್ಕದಲ್ಲೇ ಇತ್ತು.