ಹದಿನೈದು ದಿನಕ್ಕೆ ಆರು ತಿಂಗಳ ಮಾತ್ರೆ

ವೀಸಾ ಕಚೇರಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಅಳಿಯನೊಬ್ಬನು ಅತ್ತೆಯಿಂದ ಸಂದರ್ಶನದ ಉತ್ತರಗಳನ್ನು ಒಪ್ಪಿಸಿಕೊಳ್ಳುತ್ತಿದ್ದನು.

“ಎಷ್ಟು ದಿನ ಇರ್ತೀರಿ, ಅತ್ತೆ?”

“ಹದಿನೈದು.”

“ಯಾಕೆ ಹೋಗ್ತಿದ್ದೀರಿ?”

“ಊರು ನೋಡೋಕೆ. ಅಲ್ಲ ಅಳಿಯಂದ್ರೇ, ಹದಿನೈದು ದಿನಕ್ಕೆ ಆರು ತಿಂಗಳ ಬಿ.ಪಿ. ಮಾತ್ರೆ ಯಾಕೆ ಕಟ್ಟಿಸಿದ್ರಿ?”

“ರಿಯಾಯಿತಿ ಇತ್ತು.”

“ಮಗಳು ಮೂರು ತಿಂಗಳಿಂದ ಫೋನಲ್ಲಿ ಬರೀ ಮುಖ ತೋರಿಸ್ತಾಳಲ್ಲ, ಅದಕ್ಕೂ ರಿಯಾಯಿತಿನಾ?”

ಅವನು ಕಡತವನ್ನು ಮುಚ್ಚಿದನು.

“ಎಷ್ಟನೇ ತಿಂಗಳು?”

“ಏಳನೇದು.”

“ನನ್ನಿಂದ ಮುಚ್ಚಿಟ್ರಾ?”

“ಹೆರಿಗೆಗೆ ಅಂದ್ರೆ ವೀಸಾ ಕೊಡಲ್ವೇನೋ ಅಂತ ಭಯ. ಗೊತ್ತಾದ್ರೆ ನೀವು ಒಳಗೆ ಬಾಯಿ ಬಿಡ್ತೀರಿ, ಹೇಳಬೇಡಿ ಅಂತ ಅವಳೇ ಅಂದ್ಲು.”

ಆಕೆಯ ಸಂಖ್ಯೆಯನ್ನು ಕೂಗಿದರು.

“ಅತ್ತೆ, ಊರು ನೋಡೋಕೆ ಅನ್ನಿ!”

“ನನ್ನ ಮಗಳು ನನ್ನನ್ನ ಸರಿಯಾಗೇ ತಿಳ್ಕೊಂಡಿದ್ದಾಳೆ,” ಎಂದು ಕಡತವನ್ನು ಕಸಿದುಕೊಂಡು ಆಕೆ ಒಳಗೆ ನಡೆದಳು.