ಮೇಷ್ಟ್ರ ಖರ್ಚು

"ಹಲೋ... ಹಾಂ, ಕನ್ನಡಕದ ಅಂಗಡಿನೇ. ಯಾರು ಮಾತಾಡ್ತಿರೋದು?"

"...ಯಾರು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಮೆಷಿನ್ ಓಡ್ತಿದೆ."

ಅವಳು ಮಸೂರ ಉಜ್ಜುವ ಯಂತ್ರವನ್ನು ನಿಲ್ಲಿಸಿ, ಗಾಜಿನ ಪುಡಿ ಮೆತ್ತಿದ್ದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಆ ಕಡೆ ಮಾತಾಡುತ್ತಿದ್ದವಳು, ಎರಡು ವರ್ಷದ ಹಿಂದೆ ಇವಳನ್ನು ಬಿಟ್ಟುಹೋದ ಗಂಡನ ಈಗಿನ ಹೆಂಡತಿ.

"...ಗೊತ್ತಾಯ್ತು. ಅಕ್ಕ ಗಿಕ್ಕ ಬೇಡ. ವಿಷಯ ಹೇಳಿ."

"...ಮೇಷ್ಟ್ರಿಗಾ? ಏನಾಯ್ತು ಮೇಷ್ಟ್ರಿಗೆ?"

ಮೇಷ್ಟ್ರು ಎಂದರೆ ಅವಳು ಸಾಕಿದ್ದ ವಿದೇಶಿ ಓತಿಕ್ಯಾತ. ಮೊಳದುದ್ದ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ. ತಪ್ಪು ಲೆಕ್ಕ ಕಂಡವರಂತೆ ದಿಟ್ಟಿಸುತ್ತಿದ್ದುದರಿಂದ ಅವಳೇ ಇಟ್ಟ ಹೆಸರು. ಗಂಡ ಹೋಗುವಾಗ ಅದನ್ನೂ ಎತ್ತಿಕೊಂಡು ಹೋಗಿದ್ದ.

"ಎಷ್ಟು ದಿನದಿಂದ ತಿಂದಿಲ್ಲ?... ಹನ್ನೊಂದು. ಅದಕ್ಕೆ ಮುಂಚೆ?... ಬರೀ ಸೊಪ್ಪಾ? ಮಿಡತೆ ಯಾಕೆ ನಿಲ್ಲಿಸಿದ್ರಿ?"

"...ದುಬಾರಿನೇ. ನಂಗೆ ಹೇಳ್ಬೇಡಿ ಅದನ್ನ. ಆರು ವರ್ಷ ತಂದೋಳು ನಾನು. ಚಪ್ಪಲಿ ಹರಿದ್ರೆ ಹೊಲಿಸ್ಕೊಂಡು ಹಾಕ್ತಿದ್ದೆ, ವಾರದ ಮಿಡತೆ ಡಬ್ಬಿ ಮಾತ್ರ ತಪ್ಪಿಸ್ತಿರಲಿಲ್ಲ. ಆ ಮಿಡತೆಗೂ ಮತ್ತೆ ಮೇವು. ಊಟಕ್ಕೇ ಊಟ ಹಾಕೋ ಸಂಸಾರ ಅದು."

"...ಖರ್ಚೇ ಇಲ್ಲ ಅಂದಿದ್ನಾ? ಅವನಿಗೆ ಇರಲಿಲ್ಲ ಬಿಡಿ."

"ಅವರ ಗೂಡಿನ ಲ್ಯಾಂಪ್ ಯಾವಾಗ ಬದಲಾಯಿಸಿದ್ರಿ?... ಉರೀತಿದೆ, ಸರಿ. ಉರಿದ್ರೂ ಆರು ತಿಂಗಳಿಗೆ ಅದರ ಬಿಸಿಲಿನ ಸತ್ವ ಹೋಗಿರತ್ತೆ. ಒಂದ್ಸಲಾನೂ ಇಲ್ವಾ?... ಕ್ಯಾಲ್ಸಿಯಂ ಪುಡಿ?... ಅಯ್ಯೋ, ಅದೂ ಹೇಳಿಲ್ವಾ."

ಅವಳು ಸ್ಟೂಲೆಳೆದು ಕೂತಳು.

"ಒಂದು ಕೆಲಸ ಮಾಡಿ. ಅವರ ದವಡೆ ಮುಟ್ಟಿ ನೋಡಿ, ಮೆಲ್ಲಗೆ. ಕಚ್ಚಲ್ಲ. ಗಟ್ಟಿ ಇದೆಯಾ?... ರಬ್ಬರ್ ಥರನಾ. ಕಾಲು ನಡುಗ್ತಿದೆ ಅಲ್ವಾ?... ಹಾಂ. ಮೂಳೆ ಸವೀತಿದೆ ಅವರಿಗೆ. ಸ್ವಲ್ಪ ಅವನ ಕೈಗೆ ಫೋನ್ ಕೊಡಿ."

"...ಊರಲ್ಲಿಲ್ವಾ? ಯಾವಾಗ ಹೋಗಿದ್ದು?... ಎರಡು ದಿನ ಅಂದೋನು ಮೂರು ವಾರ."

"ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ಅವನ ಶೂ ಇದೆಯಾ ಮನೇಲಿ?... ಎರಡು ಜೊತೆನೂ ಇಲ್ವಾ."

"...ಇಲ್ಲ ಕಣಮ್ಮ. ಬರಲ್ಲ."

ಆ ಕಡೆಯಿಂದ ಅಳು ಕೇಳಿಸಿತು. ಇಂಥದೊಂದು ಸುದ್ದಿ ಬಂದ ದಿನ ಹೊಟ್ಟೆ ತಣ್ಣಗಾಗುತ್ತದೆ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ನೋಡಿದರೆ, ದಿನವಿಡೀ ನಿಂತು ಕೆಲಸ ಮಾಡಿದವರ ಕಾಲಿನಂತೆ ಮೈಯೆಲ್ಲ ಭಾರವಾಯಿತು, ಅಷ್ಟೇ.

"...ವಾಪಸ್ ನಂಗಾ? ಆಗಲ್ಲ. ಒಂದೇ ರೂಮು ನಂದು, ಓನರಮ್ಮ ಬೆಕ್ಕನ್ನೂ ಒಳಗೆ ಬಿಡಲ್ಲ. ಆಗಲ್ಲ ಅಂದೆನಲ್ಲ."

"...ಎಲ್ಲೋ ಬಿಟ್ಟುಬರ್ತೀನಿ ಅಂತೆಲ್ಲ ಅನ್ಬೇಡ. ಬಿಡೋಳಾಗಿದ್ರೆ ನನ್ನ ನಂಬರ್ ಯಾಕೆ ಹುಡುಕ್ತಿದ್ದೆ ನೀನು?"

ಅವಳು ಗೋಡೆಯ ಗಡಿಯಾರ ನೋಡಿದಳು.

"ಕೇಳು. ನಮ್ಮ ಬೀದಿ ತುದೀಲಿ ಪ್ರಾಣಿ ಡಾಕ್ಟರ್ ಇದಾರೆ, ಐದಕ್ಕೆ ಬರ್ತಾರೆ. ಕರ್ಕೊಂಡು ಬಾ. ಫೀಸು, ಔಷಧಿ, ಹೊಸ ಲ್ಯಾಂಪು, ಅರ್ಧ ನಂದು. ತಿಂಗಳ ಮಿಡತೇಲೂ ಅರ್ಧ. ಇರೋದು ನಿನ್ನ ಹತ್ರನೇ... ದೊಡ್ಡ ಮನಸ್ಸೂ ಇಲ್ಲ, ಗಿನಸ್ಸೂ ಇಲ್ಲ. ಆರು ವರ್ಷ ಸಾಕಿದೀನಿ."

"...ಟವಲ್ಲಲ್ಲಿ ಸುತ್ತಿ ಎದೆಗೊತ್ತಿ ಹಿಡ್ಕೋ, ಬೆಚ್ಚಗಿರ್ಬೇಕು ಅವರು. ಬಸ್ಸಲ್ಲಿ ಯಾರಾದ್ರೂ ಕೇಳಿದ್ರೆ ಮೇಷ್ಟ್ರು, ಹುಷಾರಿಲ್ಲ ಅನ್ನು... ನಗ್ತಿದೀಯಾ? ನಗು, ಪರವಾಗಿಲ್ಲ. ಸ್ಟಾಪಲ್ಲಿ ನಿಂತಿರ್ತೀನಿ."

"...ಏನು? ಎಷ್ಟು ದಿನ ಕಾದೆ ಅಂತಾನಾ? ನಾನಾ?"

ಅವಳು ಬೆರಳಿಗಂಟಿದ್ದ ಬಿಳಿ ಪುಡಿಯನ್ನು ನೋಡಿಕೊಂಡಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಎಂಟು ತಿಂಗಳು. ಅವನು ಬಂದ್ರೆ ತಟ್ಟೋದು ಕೇಳಿಸದೆ ಹೋದೀತು ಅಂತ ಬಾಗಿಲಿಗೆ ಚಿಲಕಾನೇ ಹಾಕ್ತಿರಲಿಲ್ಲ. ಒಂಟಿ ಹೆಂಗಸು, ಎಂಟು ತಿಂಗಳು. ನೀನು ಹಾಗೆ ಮಾಡ್ಬೇಡ. ಇವತ್ತಿಂದಾನೇ... ಹಲೋ? ಲೈನ್ ಕಟ್ಟಾಗ್ತಿದೆ."

"...ಚಿಲಕ ಹಾಕ್ಕೋ ಅಂದೆ. ಕೇಳಿಸ್ತಾ?... ಹಲೋ?"